ನೆಲದಡಿಯ ಎಣ್ಣೆ ಯಾರ ಸ್ವತ್ತು?



ನಾನು ವಕೀಲನಲ್ಲ. ರಸಾಯನಶಾಸ್ತ್ರ ಓದಿ ಬಿ.ಎಸ್‌ಸಿ. ಮಾಡಿ, ಆಮೇಲೆ ದೂರದರ್ಶನದ ಕೆಲಸಕ್ಕೆ ಬಂದವನು. ಕಾನೂನಿನ ವಿಷಯ ಮಾತನಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನನ್ನು ಈ ವಿಷಯಕ್ಕೆ ಎಳೆದುತಂದದ್ದು ಒಂದು ಬತ್ತಿದ ಬಾವಿ.

ನಮ್ಮ ತಾತನ ಊರು ಕೋಲಾರದ ಕಡೆ. ಅವರ ತೋಟದಲ್ಲಿ ಕಲ್ಲು ಕಟ್ಟಿದ ದೊಡ್ಡ ತೆರೆದ ಬಾವಿ ಇತ್ತು. ಹಿಂದೆ ಕಪಿಲೆ ಹೊಡೆಯುತ್ತಿದ್ದ ಬಾವಿ. ನಾನು ನೋಡುವ ಹೊತ್ತಿಗೆ ಪಂಪ್‌ಸೆಟ್ ಬಂದಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಹೊಲದವರು ಕೊಳವೆಬಾವಿ ಕೊರೆಸಿದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ತಾತನ ಬಾವಿಯ ತಳ ಕಾಣಿಸಿತು. ತಾತ ತಾಲ್ಲೂಕು ಕೇಂದ್ರಕ್ಕೆ ಹೋಗಿ ವಕೀಲರನ್ನು ಕಂಡರು. ನಾನೂ ಜೊತೆಗಿದ್ದೆ. ವಕೀಲರು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಯಜಮಾನ್ರೇ, ಅವರ ಜಮೀನಿನಲ್ಲಿ ಅವರು ಕೊರೆಸಿದ್ದಾರೆ. ಇದಕ್ಕೆ ದಾವೆ ಹಾಕಿ ಪ್ರಯೋಜನವಿಲ್ಲ. ನೀವೂ ಒಂದು ಕೊರೆಸಿ ಅಷ್ಟೇ" ಎಂದರು. ಫೀಜು ತೆಗೆದುಕೊಳ್ಳಲಿಲ್ಲ. ತಾತ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಎಷ್ಟೋ ವರ್ಷಗಳ ನಂತರ ಪೆಟ್ರೋಲಿಯಂ ಕುರಿತು ಒಂದು ವಿಜ್ಞಾನ ಕಾರ್ಯಕ್ರಮಕ್ಕೆ ಸಿದ್ಧತೆ ಮಾಡುತ್ತಿದ್ದಾಗ, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 1907ರ ತೀರ್ಪೊಂದು ಕಣ್ಣಿಗೆ ಬಿತ್ತು. ನೆರೆಯವನು ನನ್ನ ನೆಲದಡಿಯ ಅನಿಲವನ್ನು ತನ್ನ ಬಾವಿಯಿಂದ ಸೆಳೆಯುತ್ತಿದ್ದಾನೆ, ನಾನೇನು ಮಾಡಲಿ ಎಂಬುದು ಅಲ್ಲಿನ ಪ್ರಶ್ನೆ. ನ್ಯಾಯಾಲಯದ ಉತ್ತರ: ನೀನೂ ಹೋಗಿ ಹಾಗೆಯೇ ಮಾಡು. ನಮ್ಮ ತಾಲ್ಲೂಕಿನ ವಕೀಲರ ಮಾತೇ!

ಇದು ಕಾಕತಾಳೀಯವಲ್ಲ. ಎರಡು ಉತ್ತರಗಳಿಗೂ ಬೇರು ಒಂದೇ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಹತ್ತಿ ಗಿರಣಿಯವನೊಬ್ಬನ ಬಾವಿ ಪಕ್ಕದ ಕಲ್ಲಿದ್ದಲು ಗಣಿಯಿಂದಾಗಿ ಬತ್ತಿಹೋಯಿತು. 1843ರಲ್ಲಿ ತೀರ್ಮಾನವಾದ ಆ ಮೊಕದ್ದಮೆಗೆ ಆಕ್ಟನ್ ವಿರುದ್ಧ ಬ್ಲಂಡೆಲ್ ಎಂದು ಹೆಸರು. ತನ್ನ ನೆಲದಲ್ಲಿ ಅಗೆದವನು ನೆರೆಯವನ ಬಾವಿ ಬತ್ತಿದ್ದಕ್ಕೆ ಹೊಣೆಯಲ್ಲ ಎಂದು ನ್ಯಾಯಾಲಯ ಹೇಳಿತು. ಆ ತತ್ತ್ವವೇ ಭಾರತದ 1882ರ ಈಸ್‌ಮೆಂಟ್ಸ್ ಆಕ್ಟ್ ಎಂಬ ಕಾಯ್ದೆಯಲ್ಲೂ ಸೇರಿಕೊಂಡಿತು. ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು. ಅಲ್ಲಿ ಅದು ಸಿಕ್ಕಿದ್ದು ನೀರಿನ ಬಾವಿ ತೋಡುವವರಿಗಷ್ಟೇ ಅಲ್ಲ, ಎಣ್ಣೆಬಾವಿ ಕೊರೆಯುವವರಿಗೆ ಕೂಡ. ಆಮೇಲೆ ಏನಾಯಿತು ಎಂಬುದನ್ನು ತಿಳಿಯಲು ಟೆಕ್ಸಸ್ ಪ್ರಾಂತಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಟೆಕ್ಸಸ್ ಮೊದಲು ಸ್ಪೇನಿನ ಅರಸರ ಕೈಯಲ್ಲಿತ್ತು, ಆಮೇಲೆ ಮೆಕ್ಸಿಕೋ ದೇಶದ ಭಾಗವಾಗಿತ್ತು. ಸ್ಪೇನಿನ ಕಾನೂನಿನಲ್ಲಿ ನೆಲ ರೈತನದಾದರೂ ನೆಲದಡಿಯ ಖನಿಜ ಅರಸನದು. 1836ರಲ್ಲಿ ಟೆಕ್ಸಸ್ ಸ್ವತಂತ್ರ ಗಣರಾಜ್ಯವಾದಾಗಲೂ ಈ ನಿಯಮ ಉಳಿಯಿತು. ಅರಸನ ಜಾಗದಲ್ಲಿ ಸರ್ಕಾರ ಬಂತು, ಅಷ್ಟೇ. ಅದು ಬದಲಾದದ್ದು ಉಪ್ಪಿನಿಂದ! ದಕ್ಷಿಣ ಟೆಕ್ಸಸ್‌ನಲ್ಲಿ ಒಂದು ಉಪ್ಪಿನ ಸರೋವರವಿದೆ. ಹೆಸರೇ ಅರಸನ ಉಪ್ಪು ಎಂದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಮಾಂಸ ಕೆಡದಂತೆ ಇಡಲು ಉಪ್ಪು ಬೇಕೇ ಬೇಕಾದಾಗ, ಈ ಸರೋವರ ಯಾರದು ಎಂಬ ಜಗಳ ಬೆಳೆಯಿತು. ಯುದ್ಧ ಮುಗಿದ ಮೇಲೆ 1866ರ ರಾಜ್ಯ ಸಂವಿಧಾನದಲ್ಲಿ ಖನಿಜಗಳ ಮೇಲಿನ ಹಕ್ಕನ್ನು ಸರ್ಕಾರ ಭೂಮಾಲೀಕರಿಗೇ ಬಿಟ್ಟುಕೊಟ್ಟಿತು. ಆಗ ಯಾರ ಮನಸ್ಸಿನಲ್ಲೂ ಎಣ್ಣೆ ಇರಲಿಲ್ಲ. ಉಪ್ಪಿಗಾಗಿ ಬರೆದ ಒಂದು ವಾಕ್ಯ ಮುಂದೆ ಸಾವಿರಾರು ರೈತ ಕುಟುಂಬಗಳನ್ನು ಶ್ರೀಮಂತರನ್ನಾಗಿ ಮಾಡಿತು.

ಹಕ್ಕು ಭೂಮಾಲೀಕನದು ಎಂದಾಯಿತು. ಆದರೆ ಎಣ್ಣೆ ಕಲ್ಲಿದ್ದಲಿನಂತೆ ಒಂದೆಡೆ ಕುಳಿತಿರುವ ವಸ್ತುವಲ್ಲವಲ್ಲ! ಒತ್ತಡ ಕಡಿಮೆ ಇರುವ ಕಡೆಗೆ ಅದು ಹರಿಯುತ್ತದೆ. ನಮ್ಮ ಸರ್ವೆ ಕಲ್ಲು, ಬೇಲಿ, ಪಹಣಿ ಯಾವುದೂ ಅದಕ್ಕೆ ಗೊತ್ತಿಲ್ಲ. ಹೀಗೆ ಹರಿಯುವ ವಸ್ತುವಿನ ಒಡೆಯ ಯಾರು? ಪೆನ್ಸಿಲ್ವೇನಿಯದ ನ್ಯಾಯಾಧೀಶರು 1889ರಲ್ಲಿ ಇದಕ್ಕೊಂದು ಹೋಲಿಕೆ ಹುಡುಕಿದರು. ಎಣ್ಣೆ, ಅನಿಲ, ನೀರು ಇವು ಕಾಡುಮೃಗಗಳ ಹಾಗೆ ಎಂದರು. ಜಿಂಕೆ ನಿಮ್ಮ ಹೊಲದಲ್ಲಿರುವಷ್ಟು ಹೊತ್ತು ನಿಮ್ಮದು. ಬೇಲಿ ಹಾರಿ ಆಚೆ ಹೋಗಿ ನೆರೆಯವನ ಬಲೆಗೆ ಬಿದ್ದರೆ ಅವನದು. ಇದಕ್ಕೆ ಇಂಗ್ಲಿಷಿನಲ್ಲಿ 'ರೂಲ್ ಆಫ್ ಕ್ಯಾಪ್ಚರ್' ಎನ್ನುತ್ತಾರೆ. ನಾವು 'ಹಿಡಿದವನದೇ ಹಕ್ಕು' ಎನ್ನೋಣ.

ಟೆಕ್ಸಸ್‌ನಲ್ಲಿ ಈ ನಿಯಮ ಕಾಲಿಟ್ಟದ್ದು, ನೋಡಿ, ನೀರಿನ ಬಾವಿಯ ಮೂಲಕವೇ. ಡೆನಿಸನ್ ಎಂಬ ಊರಿನಲ್ಲಿ ರೈಲ್ವೆ ಕಂಪನಿಯೊಂದು ಉಗಿಬಂಡಿಗಳಿಗಾಗಿ 20 ಅಡಿ ಅಗಲ, 66 ಅಡಿ ಆಳದ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್ ನೀರೆತ್ತಿತು. ಪಕ್ಕದ ಮನೆಯ ಸಣ್ಣ ಬಾವಿ ಒಣಗಿತು. 1904ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ರೈಲ್ವೆಯ ಪರ ತೀರ್ಪು ನೀಡಿತು. ನೆಲದಡಿಯ ನೀರಿನ ಓಡಾಟ ಗೂಢವಾದದ್ದು, ಅದಕ್ಕೆ ಕಾನೂನಿನ ಗೆರೆ ಎಳೆಯಲಾಗದು ಎಂಬುದು ಅದು ಒಪ್ಪಿದ ಒಂದು ಕಾರಣ. ವಿಜ್ಞಾನದ ವಿದ್ಯಾರ್ಥಿಯಾಗಿ ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ನಮಗೆ ಗೊತ್ತಿಲ್ಲ, ಆದ್ದರಿಂದ ಸೆಳೆದವನು ಸೆಳೆದುಕೊಳ್ಳಲಿ ಎಂದ ಹಾಗಾಯಿತು! ಆದರೆ ಅಂದಿನ ನ್ಯಾಯಾಧೀಶರನ್ನು ದೂರುವುದೂ ಸರಿಯಲ್ಲ. ನೆಲದಡಿಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೆ ಬಿಡಿಸಿ ಹೇಳಬಲ್ಲವರು ಆಗ ಬಹಳ ಮಂದಿ ಇರಲಿಲ್ಲ.

ಈ ತೀರ್ಪಿಗೆ ಮೂರು ವರ್ಷ ಮೊದಲು, 1901ರ ಜನವರಿ 10ರಂದು, ಬೋಮಾಂಟ್ ಪಟ್ಟಣದ ಹತ್ತಿರ ಸ್ಪಿಂಡಲ್‌ಟಾಪ್ ಎಂಬ ದಿಬ್ಬದಲ್ಲಿ ಎಣ್ಣೆ ಚಿಮ್ಮಿತ್ತು. ನೂರು ಅಡಿಗೂ ಮೀರಿ ಎದ್ದ ಆ ಕಪ್ಪು ಕಾರಂಜಿಯನ್ನು ಒಂಬತ್ತು ದಿನ ಯಾರಿಗೂ ಮುಚ್ಚಲಾಗಲಿಲ್ಲ. ಸುದ್ದಿ ಹರಡಿ ಜನ ಮುಗಿಬಿದ್ದರು. ದಿಬ್ಬದ ನೆಲವನ್ನು ತುಂಡು ತುಂಡು ಮಾಡಿ ಮಾರಿದರು. ಕೊರೆಯುವ ಗೋಪುರಗಳು ಒಂದರ ಕಾಲಿಗೊಂದು ತಾಗುವಷ್ಟು ಒತ್ತಾಗಿ ನಿಂತವು. ಎಣ್ಣೆಯ ಬೆಲೆ ಬ್ಯಾರೆಲ್ಲಿಗೆ ಮೂರು ಸೆಂಟಿಗೆ ಇಳಿದಿತ್ತೆಂದು ಹೇಳುತ್ತಾರೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಮೂರ್ನಾಲ್ಕು ವರ್ಷಗಳಲ್ಲೇ ದಿಬ್ಬದ ಕಸುವು ಉಡುಗಿತು.

ಏಕೆ ಉಡುಗಿತು? ಎಣ್ಣೆ ಮುಗಿದುಹೋಯಿತೆ? ಇಲ್ಲ. ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಕಾರ್ಯಕ್ರಮದಲ್ಲಿ ಇದನ್ನು ಗೋಲಿ ಸೋಡಾ ಒಡೆದು ತೋರಿಸಿದ್ದೆವು. ಅಚ್ಚಿನಲ್ಲಿ ಮಾತಿನಿಂದಲೇ ಹೇಳಬೇಕು. ನೆಲದಡಿಯಲ್ಲಿ ಎಣ್ಣೆಯ ಕೆರೆ ಇರುವುದಿಲ್ಲ. ಇಡ್ಲಿಯೊಳಗೆ ಸಣ್ಣ ಸಣ್ಣ ತೂತುಗಳಿರುವಂತೆ ಮರಳುಗಲ್ಲಿನಲ್ಲಿ ರಂಧ್ರಗಳಿರುತ್ತವೆ. ಎಣ್ಣೆ ಇರುವುದು ಆ ರಂಧ್ರಗಳಲ್ಲಿ. ಅದನ್ನು ಮೇಲಕ್ಕೆ ತಳ್ಳುವುದು ಒತ್ತಡ. ಎಣ್ಣೆಯಲ್ಲಿ ಕರಗಿರುವ ಅನಿಲ, ಅದರ ಮೇಲೆ ಕುಳಿತ ಅನಿಲ ಅಥವಾ ಕೆಳಗಿನಿಂದ ಒತ್ತುವ ನೀರು, ಇವೇ ಆ ಒತ್ತಡದ ಮೂಲ. ಸೋಡಾ ಸೀಸೆಯ ಗೋಲಿಯನ್ನು ಒಮ್ಮೆಲೇ ಒತ್ತಿದರೆ ಏನಾಗುತ್ತದೆ? ಬುಸ್ಸೆಂದು ಗಾಳಿ ಹೊರಟುಹೋಗುತ್ತದೆ, ಸೀಸೆಯಲ್ಲಿ ಸಪ್ಪೆ ನೀರು ಉಳಿಯುತ್ತದೆ. ನೂರು ಜನ ನೂರು ಕಡೆ ತೂತು ಹೊಡೆದು ಆತುರದಲ್ಲಿ ಸೆಳೆದರೆ ಅನಿಲ ಮೊದಲು ಹಾರಿಹೋಗುತ್ತದೆ. ಅನಿಲ ಕಳೆದುಕೊಂಡ ಎಣ್ಣೆ ಮಂದವಾಗಿ ಕಲ್ಲಿಗೇ ಅಂಟಿಕೊಳ್ಳುತ್ತದೆ. ಎಷ್ಟೋ ಕಡೆ ಹೀಗೆ ಇದ್ದ ಎಣ್ಣೆಯ ಬಹುಪಾಲು ನೆಲದಲ್ಲೇ ಸಿಕ್ಕಿಕೊಂಡು ಉಳಿಯಿತು.

ಪ್ರತಿಯೊಬ್ಬನಿಗೂ ಇದು ಅರ್ಥವಾಗಿತ್ತೆಂದೇ ಇಟ್ಟುಕೊಳ್ಳಿ. ಆದರೂ ಅವನು ನಿಧಾನಿಸುವಂತಿರಲಿಲ್ಲ. ನಾನು ನಿಧಾನಿಸಿದರೆ ನನ್ನ ಪಾಲನ್ನು ನೆರೆಯವನು ಸೆಳೆಯುತ್ತಾನೆ. ಕಾನೂನು ಅವನ ಕಡೆಗಿದೆ. ಭೂಮಾಲೀಕ ಸಾಮಾನ್ಯವಾಗಿ ತಾನೇ ಕೊರೆಯುತ್ತಿರಲಿಲ್ಲ. ಕಂಪನಿಗೆ ಗುತ್ತಿಗೆ ಕೊಟ್ಟು, ಬಂದ ಎಣ್ಣೆಯಲ್ಲಿ ಎಂಟನೇ ಒಂದು ಭಾಗವನ್ನು ರಾಯಧನವಾಗಿ ಪಡೆಯುವುದು ವಾಡಿಕೆ. ಪಕ್ಕದ ಗಡಿಯಲ್ಲಿ ಬಾವಿ ಎದ್ದರೆ ಗುತ್ತಿಗೆದಾರ ತಾನೂ ಗಡಿಯಲ್ಲಿ ಎದುರು ಬಾವಿ ಕೊರೆಯಲೇಬೇಕು ಎಂಬುದು ಅವನ ಕರ್ತವ್ಯವೆನಿಸಿತು. 1915ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಂದು ತೆರಿಗೆ ಮೊಕದ್ದಮೆಯಲ್ಲಿ ನೆಲದಡಿ ಇರುವಾಗಲೇ ಎಣ್ಣೆ ಆಸ್ತಿ ಎಂದು ಒಪ್ಪಿತು. ಅಂದರೆ ನಿಮ್ಮ ನೆಲದಡಿಯ ಎಣ್ಣೆ ನಿಮ್ಮ ಆಸ್ತಿ, ತೆರಿಗೆ ಕಟ್ಟಿ. ನೆರೆಯವನು ಸೆಳೆದುಕೊಂಡರೆ ಮಾತ್ರ ಕೇಳುವಂತಿಲ್ಲ. ವಕೀಲ ಗೆಳೆಯರು ಇದರಲ್ಲಿ ವಿರೋಧವಿಲ್ಲ ಎನ್ನುತ್ತಾರೆ. ನನಗೆ ಇನ್ನೂ ಪೂರ್ತಿ ಮನವರಿಕೆಯಾಗಿಲ್ಲ.

ನಿಯಂತ್ರಣ ಬೇಕೆಂಬ ಕೂಗು ಎದ್ದಾಗ ಅದನ್ನು ಯಾರಿಗೆ ವಹಿಸುವುದು? 1891ರಲ್ಲಿ ರೈಲ್ವೆ ದರಗಳನ್ನು ಹದ್ದಿನಲ್ಲಿಡಲು ಹುಟ್ಟಿದ ರೈಲ್‌ರೋಡ್ ಕಮಿಷನ್ ಎಂಬ ಸಂಸ್ಥೆ ಟೆಕ್ಸಸ್‌ನಲ್ಲಿತ್ತು. 1917ರಲ್ಲಿ ಅದಕ್ಕೆ ಕೊಳವೆಮಾರ್ಗಗಳ ಮೇಲ್ವಿಚಾರಣೆಯನ್ನೂ, 1919ರಲ್ಲಿ ಎಣ್ಣೆ ಮತ್ತು ಅನಿಲದ ಪೋಲು ತಡೆಯುವ ಕೆಲಸವನ್ನೂ ಕೊಟ್ಟರು. ತಮಾಷೆಯೆಂದರೆ, 2005ರಲ್ಲಿ ರೈಲಿನ ಕೆಲಸವೆಲ್ಲ ಬೇರೆ ಇಲಾಖೆಗೆ ಹೋಯಿತು. ಹೆಸರು ಮಾತ್ರ ರೈಲ್‌ರೋಡ್ ಕಮಿಷನ್ ಎಂದೇ ಉಳಿದಿದೆ. ಜನರಿಂದ ಆರಿಸಿಬಂದ ಮೂವರು ಸದಸ್ಯರು ಅದನ್ನು ನಡೆಸುತ್ತಾರೆ. 1919ರಲ್ಲೇ ಅದು ಮಾಡಿದ 37ನೇ ನಿಯಮ ಹೆಸರುವಾಸಿ: ಒಂದು ಬಾವಿಯಿಂದ ಇನ್ನೊಂದಕ್ಕೆ 300 ಅಡಿ, ಜಮೀನಿನ ಗಡಿಯಿಂದ 150 ಅಡಿ ಅಂತರವಿರಬೇಕು. ಆದರೆ ಸಣ್ಣ ಹಿಡುವಳಿಯವನು ಏನು ಮಾಡಬೇಕು? ಅವನ ನೆಲದ ಅಗಲವೇ 200 ಅಡಿಯಾದರೆ? ಅವನಿಗೆ ಬಾವಿ ನಿರಾಕರಿಸಿದರೆ ಆಸ್ತಿ ಕಿತ್ತುಕೊಂಡಂತಾಗುತ್ತದೆ. ಹಾಗಾಗಿ ವಿನಾಯಿತಿಗಳು ಬಂದವು. ಎಷ್ಟು ಬಂದವೆಂದರೆ, ಮುಂದೆ ಕಿಲ್‌ಗೋರ್ ಎಂಬ ಪಟ್ಟಣದ ನಡುವೆ ಒಂದೆಕರೆಯಷ್ಟು ಜಾಗದಲ್ಲಿ 24 ಬಾವಿಗಳೆದ್ದವು.

ಕಿಲ್‌ಗೋರ್ ಇರುವುದು ಪೂರ್ವ ಟೆಕ್ಸಸ್‌ನಲ್ಲಿ. ನಮ್ಮ ಕತೆ ನಿಜಕ್ಕೂ ಬಿಸಿಯೇರುವುದು ಅಲ್ಲಿಯೇ. ದೊಡ್ಡ ಕಂಪನಿಗಳ ಭೂವಿಜ್ಞಾನಿಗಳು ಅಲ್ಲಿ ಎಣ್ಣೆ ಇಲ್ಲವೆಂದು ಕೈಬಿಟ್ಟಿದ್ದರು. ಎಪ್ಪತ್ತರ ಆಸುಪಾಸಿನ ಕೊಲಂಬಸ್ ಜಾಯ್ನರ್ ಎಂಬ ಮುದುಕ, ಜನರಿಂದ ಸಣ್ಣ ಸಣ್ಣ ಮೊತ್ತ ಎತ್ತಿ, ಹಳೆಯ ಸಾಮಗ್ರಿಗಳಿಂದ ಎರಡು ಬಾವಿ ಕೊರೆದು ಸೋತು, ಮೂರನೆಯದರಲ್ಲಿ 1930ರ ಅಕ್ಟೋಬರ್‌ನಲ್ಲಿ ಎಣ್ಣೆ ಕಂಡ. ಅವನು ಒಂದೇ ಪಾಲನ್ನು ಹಲವರಿಗೆ ಮಾರಿದ್ದ ಎಂಬುದು ಆಮೇಲೆ ತಿಳಿಯಿತು. ಅದು ಬೇರೆಯದೇ ಕತೆ. ಸುಮಾರು 45 ಮೈಲು ಉದ್ದ, 1,40,000 ಎಕರೆ ವಿಸ್ತಾರದ ಕ್ಷೇತ್ರವದು. ಅದರ ಮೇಲೆ ಇದ್ದದ್ದು ಹತ್ತಿ ಬೆಳೆಯುತ್ತಿದ್ದ ಸಣ್ಣ ರೈತರ ಹೊಲಗಳು. 1931ರ ಆಗಸ್ಟ್ ಹೊತ್ತಿಗೆ ದಿನಕ್ಕೆ ಒಂಬತ್ತು ಲಕ್ಷ ಬ್ಯಾರೆಲ್ಲಿಗೂ ಹೆಚ್ಚು ಎಣ್ಣೆ ಹೊರಬರುತ್ತಿತ್ತು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲ. ಒಂದು ಡಾಲರಿನ ಆಸುಪಾಸಿನಲ್ಲಿದ್ದ ಬ್ಯಾರೆಲ್ಲಿನ ಬೆಲೆ ಹತ್ತು ಹದಿನೈದು ಸೆಂಟಿಗೆ ಬಿದ್ದಿತು.

ಕಮಿಷನ್ ಪ್ರತಿ ಬಾವಿಗೂ ಇಂತಿಷ್ಟೇ ಎಂದು ಪಾಲು ನಿಗದಿ ಮಾಡಿತು. ಉತ್ಪಾದಕರು ನ್ಯಾಯಾಲಯಕ್ಕೆ ಹೋದರು. ಪೋಲು ತಡೆಯುವ ಅಧಿಕಾರ ನಿಮಗಿದೆ, ಬೆಲೆ ಏರಿಸುವ ಅಧಿಕಾರವಿಲ್ಲ, ಇದು ಬೆಲೆ ಏರಿಸುವ ಹುನ್ನಾರ ಎಂದು ಸಂಯುಕ್ತ ನ್ಯಾಯಾಲಯ 1931ರ ಜುಲೈನಲ್ಲಿ ಆದೇಶವನ್ನು ತಳ್ಳಿಹಾಕಿತು. ಆಗಸ್ಟ್ 17ರಂದು ಗವರ್ನರ್ ರಾಸ್ ಸ್ಟರ್ಲಿಂಗ್ ಎಣ್ಣೆ ಕ್ಷೇತ್ರದಲ್ಲಿ ಮಾರ್ಷಲ್ ಲಾ ಘೋಷಿಸಿ ಕುದುರೆಯೇರಿದ ಸೈನಿಕರನ್ನು ಕಳುಹಿಸಿದರು. ಬಾವಿಗಳನ್ನು ಮುಚ್ಚಿಸಿದರು. ಈ ಗವರ್ನರ್ ಹಿಂದೆ ದೊಡ್ಡ ಎಣ್ಣೆ ಕಂಪನಿಯೊಂದರ ಸ್ಥಾಪಕರಲ್ಲೊಬ್ಬರು. ಸೈನ್ಯದ ಮುಖ್ಯಸ್ಥ ಇನ್ನೊಂದು ಎಣ್ಣೆ ಕಂಪನಿಯ ವಕೀಲ. ಸಣ್ಣ ಉತ್ಪಾದಕರಿಗೆ ಇದರಲ್ಲಿ ಯಾರ ಹಿತ ಕಂಡಿರಬಹುದು, ನೀವೇ ಊಹಿಸಿ. ನೆಲದಡಿಯ ಒತ್ತಡ ಉಳಿಸಬೇಕೆಂಬ ವಿಜ್ಞಾನದ ವಾದ ಸತ್ಯವೇ. ಬೆಲೆ ಬಿದ್ದರೆ ದೊಡ್ಡವರಿಗೆ ನಷ್ಟ ಎಂಬುದೂ ಸತ್ಯವೇ. ಎರಡೂ ಒಂದೇ ಆದೇಶದೊಳಗೆ ಸೇರಿಕೊಂಡಿದ್ದವು.

1932ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಗಲಭೆಯೇ ಇಲ್ಲದ ಕಡೆ ಸೈನ್ಯದ ಬಲದಿಂದ ನ್ಯಾಯಾಲಯದ ಆದೇಶವನ್ನು ಮೀರುವಂತಿಲ್ಲವೆಂದು ಗವರ್ನರ ಕ್ರಮವನ್ನು ರದ್ದುಮಾಡಿತು. ಅಷ್ಟರಲ್ಲಿ ನವೆಂಬರ್‌ನಲ್ಲೇ ರಾಜ್ಯದ ಶಾಸಕಾಂಗ ಹೊಸ ಕಾಯ್ದೆ ತಂದು, ಮಾರುಕಟ್ಟೆಯ ಬೇಡಿಕೆಗೂ ಮೀರಿ ಉತ್ಪಾದಿಸುವುದೂ ಒಂದು ಬಗೆಯ ಪೋಲು ಎಂದಿತು. ಕಾನೂನಿನಲ್ಲಿ 'ಪೋಲು' ಎಂಬ ಒಂದು ಪದದ ಅರ್ಥ ಹಿಗ್ಗಿದರೆ ಏನೇನಾಗಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದೇಶ ಮೀರಿ ತೆಗೆದ ಎಣ್ಣೆಗೆ 'ಬಿಸಿ ಎಣ್ಣೆ' ಎಂದು ಹೆಸರು ಬಿತ್ತು. ರಾತ್ರಿ ಹೊತ್ತು ಲಾರಿಗಳಲ್ಲಿ ಸಾಗಣೆ, ನೆಲದಡಿ ಕಳ್ಳ ಕೊಳವೆಗಳು, ಮುಚ್ಚುವ ದಿಕ್ಕಿಗೆ ತಿರುಗಿಸಿದರೆ ತೆರೆದುಕೊಳ್ಳುವ ಎಡಗೈ ಕವಾಟಗಳು! ತಪಾಸಣೆಗೆ ಬಂದ ಅಧಿಕಾರಿ ಬಾವಿ ಮುಚ್ಚಿದೆನೆಂದು ತೃಪ್ತಿಯಿಂದ ಹೋಗುತ್ತಿದ್ದರಂತೆ. ಇದನ್ನು ತಡೆಯಲು ಒಕ್ಕೂಟ ಸರ್ಕಾರ ಮಾಡಿದ ವ್ಯವಸ್ಥೆಯೂ 1935ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆ ಮೊಕದ್ದಮೆಯಲ್ಲಿ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ಯಾವ ನಿಯಮ ಮುರಿದರೆಂದು ಜನರ ಮೇಲೆ ಆರೋಪ ಹೊರಿಸಿದ್ದರೋ, ಆ ನಿಯಮ ತಿದ್ದುಪಡಿಯ ಸಮಯದಲ್ಲಿ ಕೈತಪ್ಪಿ ಬಿಟ್ಟುಹೋಗಿ, ಕಡತದಲ್ಲೇ ಇರಲಿಲ್ಲ! ಸರ್ಕಾರಿ ಆದೇಶಗಳನ್ನೆಲ್ಲ ಒಂದು ಕಡೆ ಅಚ್ಚುಮಾಡಿ ಪ್ರಕಟಿಸಬೇಕೆಂಬ ಅಮೆರಿಕದ ಕಾಯ್ದೆ ಅದೇ ವರ್ಷ ಬಂದದ್ದಕ್ಕೆ ಈ ಪ್ರಸಂಗವೂ ಕಾರಣ. ನಮ್ಮ ರಾಜ್ಯಪತ್ರದಂಥ ಪ್ರಕಟಣೆ ಅದು. ಫೆಬ್ರವರಿಯಲ್ಲಿ ಸೆನೆಟರ್ ಕಾನಲಿ ಅವರ ಹೆಸರಿನ ಕಾಯ್ದೆ ಬಂದು, ಬಿಸಿ ಎಣ್ಣೆಯನ್ನು ರಾಜ್ಯದ ಗಡಿ ದಾಟಿಸುವುದು ಅಪರಾಧವಾಯಿತು. ಆಮೇಲೆ ಕಮಿಷನ್ ಹಿಡಿತ ಬಿಗಿಯಾಯಿತು. ತಿಂಗಳು ತಿಂಗಳು ಅದು ನಿಗದಿ ಮಾಡುತ್ತಿದ್ದ ಪ್ರಮಾಣ 1972ರವರೆಗೆ ಜಗತ್ತಿನ ಎಣ್ಣೆ ಬೆಲೆಯ ಮೇಲೇ ಪ್ರಭಾವ ಬೀರಿತು. 1960ರಲ್ಲಿ ಒಪೆಕ್ ಸಂಘಟನೆ ಕಟ್ಟಿದವರಲ್ಲಿ ಪ್ರಮುಖರಾದ ವೆನೆಜುವೆಲದ ಪೆರೆಸ್ ಅಲ್ಫೋನ್ಸೊ ಅವರು ಈ ಕಮಿಷನ್ನಿನ ಕಾರ್ಯವಿಧಾನವನ್ನು ಅಭ್ಯಾಸ ಮಾಡಿದ್ದರು. 2020ರ ಏಪ್ರಿಲ್‌ನಲ್ಲಿ ಬೆಲೆ ನೆಲಕಚ್ಚಿದಾಗ ಮತ್ತೆ ಪಾಲು ನಿಗದಿಯ ಮಾತು ಬಂತಾದರೂ ಕಮಿಷನ್ ಒಪ್ಪಲಿಲ್ಲ.

'ಹಿಡಿದವನದೇ ಹಕ್ಕು' ಎಂಬ ನಿಯಮ ಏನಾಯಿತು? ಸತ್ತಿಲ್ಲ; ಮೊನಚು ಕಳೆದುಕೊಂಡಿದೆ. 1936ರಲ್ಲಿ ದಕ್ಷಿಣ ಟೆಕ್ಸಸ್‌ನಲ್ಲಿ ಕಂಪನಿಯೊಂದರ ಬಾವಿ ಅಜಾಗ್ರತೆಯಿಂದ ಸ್ಫೋಟಿಸಿ, ಪಕ್ಕದವರ ನೆಲದಡಿಯ ಅನಿಲವೆಲ್ಲ ಹಾಳಾಯಿತು. 1948ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ನ್ಯಾಯವಾಗಿ ತೆಗೆದುಕೊಳ್ಳುವುದು ಬೇರೆ, ಬೇಜವಾಬ್ದಾರಿಯಿಂದ ಹಾಳುಮಾಡುವುದು ಬೇರೆ. ಒಂದೇ ಭಂಡಾರದ ಮೇಲೆ ಕುಳಿತವರೆಲ್ಲರಿಗೂ ನ್ಯಾಯವಾದ ಪಾಲಿನ ಅವಕಾಶವಿದೆ ಎಂದಿತು. ಆದರೆ 2008ರಲ್ಲಿ, ಬಂಡೆ ಸೀಳಿ ಅನಿಲ ತೆಗೆಯುವಾಗ ಬಿರುಕು ಗಡಿ ದಾಟಿ ನೆರೆಯವನ ಅನಿಲ ಹರಿದುಬಂದರೂ ಅದಕ್ಕೆ ಪರಿಹಾರವಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು. ಒಂದು ಭಂಡಾರವನ್ನು ಎಲ್ಲರೂ ಸೇರಿ ಒಂದೇ ಘಟಕವಾಗಿ ನಡೆಸುವುದು ವಿಜ್ಞಾನದ ದೃಷ್ಟಿಯಿಂದ ಎಲ್ಲಕ್ಕಿಂತ ಉತ್ತಮ. ಅದನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ಟೆಕ್ಸಸ್ ಈವರೆಗೆ ಮಾಡಿಲ್ಲ.

ನಮ್ಮ ದೇಶದಲ್ಲಿ ದಾರಿಯೇ ಬೇರೆ. ಇಲ್ಲಿ 1948ರ ಆಯಿಲ್‌ಫೀಲ್ಡ್ಸ್ ಕಾಯ್ದೆ ಮತ್ತು ಅದರಡಿಯ ನಿಯಮಗಳ ಪ್ರಕಾರ ಎಣ್ಣೆ ತೆಗೆಯುವ ಪರವಾನಗಿ ಸರ್ಕಾರದಿಂದಲೇ ಬರಬೇಕು. ಕಡಲಡಿಯ ಸಂಪತ್ತನ್ನು ಸಂವಿಧಾನದ 297ನೇ ವಿಧಿ ಒಕ್ಕೂಟಕ್ಕೆ ವಹಿಸಿದೆ. ಒಡೆಯ ಒಬ್ಬನೇ ಆದಮೇಲೆ ಜಗಳವಿಲ್ಲ ಎಂದುಕೊಂಡಿರಾ? ಆಂಧ್ರದ ಕರಾವಳಿಯಾಚೆ ಕೃಷ್ಣಾ ಗೋದಾವರಿ ಜಲಾನಯನದಲ್ಲಿ ಓಎನ್‌ಜಿಸಿ ಮತ್ತು ರಿಲಯನ್ಸ್ ಸಂಸ್ಥೆಗಳ ಗುತ್ತಿಗೆ ಪ್ರದೇಶಗಳು ಅಕ್ಕಪಕ್ಕದಲ್ಲಿವೆ. ತನ್ನ ಕಡೆಯ ಅನಿಲ ಆಚೆ ಹರಿದುಹೋಗುತ್ತಿದೆಯೆಂದು ಓಎನ್‌ಜಿಸಿ 2014ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಹರಿದಿದೆ ಎಂದು 2015ರಲ್ಲಿ ವರದಿ ಕೊಟ್ಟ ತಜ್ಞ ಸಂಸ್ಥೆ ಯಾವ ಊರಿನದು ಗೊತ್ತೆ? ಟೆಕ್ಸಸ್‌ನ ಡಲ್ಲಾಸ್! ಕೇಂದ್ರ ಸರ್ಕಾರ ಪರಿಹಾರ ಕೇಳಿತು; 2018ರಲ್ಲಿ ಪಂಚಾಯಿತಿ ನ್ಯಾಯಮಂಡಳಿ ಬಹುಮತದಿಂದ ರಿಲಯನ್ಸ್ ಪರ ತೀರ್ಪಿತ್ತಿತು; 2023ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು; 2025ರ ಫೆಬ್ರವರಿಯಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಇನ್ನು ನೀರಿನ ಮಾತು. ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯ್ದೆ ಮಾಡಿ, ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಬೇಕೆಂದಿತು. ತಾತ ಆ ವೇಳೆಗೆ ಇರಲಿಲ್ಲ.

1937ನೇ ಇಸವಿಯನ್ನು ನಾನು ಬೇಕೆಂದೇ ಹಾರಿ ಬಂದೆ. ಅದನ್ನು ಕೊನೆಗೆ ಹೇಳಬೇಕೆಂದಿದ್ದೆ, ಏಕೆಂದರೆ ಅದು ನಿಮ್ಮಂಥ ವಿದ್ಯಾರ್ಥಿಗಳ ಕತೆ.

ಪೂರ್ವ ಟೆಕ್ಸಸ್ ಎಣ್ಣೆ ಕ್ಷೇತ್ರದ ನಡುವೆ ನ್ಯೂ ಲಂಡನ್ ಎಂಬ ಊರು. ಎಣ್ಣೆಯ ತೆರಿಗೆ ಹಣದಿಂದ ಅಲ್ಲಿ ಉಕ್ಕಿನ ಚೌಕಟ್ಟಿನ ಭವ್ಯವಾದ ಶಾಲೆ ಕಟ್ಟಿದ್ದರು; ಗ್ರಾಮಾಂತರ ಅಮೆರಿಕದ ಅತಿ ಶ್ರೀಮಂತ ಶಾಲೆಗಳಲ್ಲಿ ಒಂದೆಂದು ಹೆಸರು. ಎಣ್ಣೆಯ ಜೊತೆ ಬರುವ ಅನಿಲದಿಂದ ಪೆಟ್ರೋಲಿನ ಅಂಶ ತೆಗೆದ ಮೇಲೆ ಉಳಿಯುವುದನ್ನು ಆ ಕಾಲದಲ್ಲಿ ಬೇಡದ ವಸ್ತುವೆಂದು ಹೊರಗೆ ಸುಡುತ್ತಿದ್ದರು. ಎಲ್ಲರಿಗೂ ಆತುರ ಎಣ್ಣೆಗಾಗಿ. ಅನಿಲ ಯಾರಿಗೂ ಬೇಕಿರಲಿಲ್ಲ. ಹಾಗೆ ಹೋಗುತ್ತಿದ್ದ ಅನಿಲದ ಕೊಳವೆಗೆ ತೂತು ಕೊರೆದು ಮನೆಗಳವರು, ದೇವಾಲಯದವರು ಪುಕ್ಕಟೆಯಾಗಿ ಬಳಸುತ್ತಿದ್ದರು. ಕಂಪನಿಗಳು ಕಂಡೂ ಕಾಣದಂತಿದ್ದವು. 1937ರ ಆರಂಭದಲ್ಲಿ ಶಾಲೆಯವರೂ ತಿಂಗಳ ಖರ್ಚು ಉಳಿಸಲು ಹಾಗೆಯೇ ಮಾಡಿದರು. ನೈಸರ್ಗಿಕ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಲ್ಲೋ ಸೋರಿ, ನೆಲಹಾಸಿನ ಕೆಳಗಿನ ಖಾಲಿ ಜಾಗದಲ್ಲಿ ತುಂಬಿಕೊಂಡಿತು. ಮಕ್ಕಳು ತಲೆನೋವೆಂದು ಹೇಳುತ್ತಿದ್ದರಂತೆ.

ಮಾರ್ಚ್ 18, ಗುರುವಾರ. ಚಿಕ್ಕ ತರಗತಿಯವರು ಮನೆಗೆ ಹೋಗಿದ್ದರು. ಪಕ್ಕದ ವ್ಯಾಯಾಮಶಾಲೆಯಲ್ಲಿ ತಂದೆತಾಯಿಯರ ಸಭೆ ನಡೆದಿತ್ತು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಮರಗೆಲಸ ಕಲಿಸುವ ಕೋಣೆಯಲ್ಲಿ ಉಜ್ಜುವ ವಿದ್ಯುತ್ ಯಂತ್ರದ ಸ್ವಿಚ್ ಹಾಕಿದರು. ಒಂದು ಕಿಡಿ. ಕಟ್ಟಡ ಮೇಲೆದ್ದು ಕುಸಿಯಿತು ಎಂದು ಕಂಡವರು ಹೇಳಿದ್ದಾರೆ. ಸತ್ತ ಮಕ್ಕಳು ಮತ್ತು ಶಿಕ್ಷಕರ ಸಂಖ್ಯೆ ಸುಮಾರು 300. ಎಣ್ಣೆ ಕ್ಷೇತ್ರದ ಕೂಲಿಗಳು ಬಾವಿ ಬಿಟ್ಟು ಓಡಿಬಂದು, ರಾತ್ರಿಯಿಡೀ ಮಳೆಯಲ್ಲಿ ಅವಶೇಷ ತೆಗೆದರು. ಅವರಲ್ಲಿ ಅನೇಕರು ಆ ಮಕ್ಕಳ ತಂದೆಯರೇ. ಅವಶೇಷದಲ್ಲಿ ಒಂದು ಕರಿಹಲಗೆ ಸಿಕ್ಕಿತು. ಎಣ್ಣೆ ಮತ್ತು ಅನಿಲ ನಮ್ಮ ನಾಡಿಗೆ ದೊರೆತ ದೊಡ್ಡ ವರ, ಅವಿಲ್ಲದಿದ್ದರೆ ಈ ಶಾಲೆಯೇ ಇರುತ್ತಿರಲಿಲ್ಲ ಎಂಬರ್ಥದ ಸಾಲುಗಳು ಅದರ ಮೇಲಿದ್ದವು.

ಯಾರ ಮೇಲೂ ತಪ್ಪು ಹೊರಿಸಲಾಗಲಿಲ್ಲ. ಮುರಿದ ಕಾನೂನು ಯಾವುದೆಂದು ತೋರಿಸಲು ಅಂಥ ಕಾನೂನೇ ಇರಲಿಲ್ಲ. ಕೆಲವೇ ವಾರಗಳಲ್ಲಿ ಟೆಕ್ಸಸ್ ಶಾಸಕಾಂಗ, ಜನ ಬಳಸುವ ಅನಿಲಕ್ಕೆ ವಾಸನೆ ಸೇರಿಸಬೇಕೆಂಬ ಕಾಯ್ದೆ ಮಾಡಿ, ಅದರ ಜಾರಿಯನ್ನು ಅದೇ ರೈಲ್‌ರೋಡ್ ಕಮಿಷನ್ನಿಗೆ ವಹಿಸಿತು. ತರಬೇತಿ ಪಡೆದು ನೋಂದಾಯಿಸಿಕೊಂಡವರಷ್ಟೇ ಎಂಜಿನಿಯರೆಂದು ಕರೆದುಕೊಳ್ಳಬಹುದೆಂಬ ಕಾಯ್ದೆಯೂ ಆ ವರ್ಷವೇ ಬಂತು. ವಾಸನೆ ಸೇರಿಸುವ ಪದ್ಧತಿ ಬೇರೆ ರಾಜ್ಯಗಳಿಗೂ ಬೇರೆ ದೇಶಗಳಿಗೂ ಹಬ್ಬಿತು.

ನಿಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದಾಗ ಕೊಳೆತ ಕೋಸಿನಂಥ ಒಂದು ವಾಸನೆ ಬರುತ್ತದಲ್ಲ? ಅದು ಅನಿಲದ ವಾಸನೆಯಲ್ಲ; ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕದ್ದು. ನೂರು ಕೋಟಿ ಅಣುಗಳ ನಡುವೆ ಕೆಲವೇ ಅಣುಗಳಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಮೀಥೇನ್ ಅನಿಲ ಗಾಳಿಯಲ್ಲಿ ಶೇಕಡಾ 5ರಷ್ಟಾದರೆ ಹೊತ್ತಿಕೊಳ್ಳಬಲ್ಲದು. ಅದರ ಐದನೇ ಒಂದು ಪಾಲು, ಅಂದರೆ ಶೇಕಡಾ 1 ತಲುಪುವಷ್ಟರಲ್ಲೇ ವಾಸನೆ ಸ್ಪಷ್ಟವಾಗಿ ತಿಳಿಯಬೇಕೆಂಬುದು ಅಮೆರಿಕದ ನಿಯಮ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲಕ್ಕೇರುತ್ತದೆ. ಯಾವುದೇ ಆಗಲಿ, ಆ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಸಿಲಿಂಡರಾದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನು ಮಾಡಿ. ಅಡುಗೆ ಅನಿಲ ಸೋರಿಕೆಗೆ ಸಹಾಯವಾಣಿಯ ಸಂಖ್ಯೆ 1906.